ಹೊಗೆಕೊಳವೆಯ ಮರೆ

ಹಡಗಿನಲ್ಲಿ ವಿದ್ಯುತ್ತಿನ ಕೆಲಸ ನೋಡಿಕೊಳ್ಳುವವರನ್ನು ನಾವು ಬತ್ತಿ ಸಾಹೇಬರು ಎನ್ನುತ್ತೇವೆ. ಎಣ್ಣೆ ದೀಪದ ಕಾಲದಲ್ಲಿ ಯಾರೋ ಇಟ್ಟ ಹೆಸರಿರಬೇಕು. ದೀಪ ಹೋಗಿ ಬಲ್ಬು ಬಂತು, ಬಲ್ಬಿನ ಹಿಂದೆ ಕಂಪ್ಯೂಟರೂ ಬಂತು, ಹೆಸರು ಮಾತ್ರ ಹಡಗಿನಿಂದ ಇಳಿಯಲಿಲ್ಲ. ನಾನು ಅಡುಗೆಯವನು. ಅರ್ಧ ಆಯುಷ್ಯವನ್ನು ಸಮುದ್ರದ ಮೇಲೆ ಒಲೆಯ ಮುಂದೆ ಕಳೆದವನು. ಎಷ್ಟೋ ಬತ್ತಿ ಸಾಹೇಬರಿಗೆ ಬಡಿಸಿದ್ದೇನೆ, ಹೆಚ್ಚಿನವರ ಮುಖ ಕೂಡ ಈಗ ನೆನಪಿಲ್ಲ. ಒಬ್ಬರನ್ನು ಮಾತ್ರ ಮರೆಯಲಾಗುವುದಿಲ್ಲ.

ನೋಡಲು ಸಣಕಲು ಮನುಷ್ಯ. ಎದೆಯ ಜೇಬಿನಲ್ಲಿ ಟೆಸ್ಟರ್, ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಸದಾ ಒಂದು ಆಕ್ಷೇಪಣೆ. ಊಟದಲ್ಲಿ ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ನಾನು ಒಂದು ದಿನ ಮರೆತು ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದಕ್ಕೆ ನನಗೆ ಉಪ್ಪಣ್ಣ ಎಂದು ನಾಮಕರಣ ಮಾಡಿದ ಪುಣ್ಯಾತ್ಮರು ಅವರೇ. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಕ್ಯಾಪ್ಟನ್ ನನ್ನ ನಿಜವಾದ ಹೆಸರು ಹಿಡಿದು ಕರೆದರೆ ನಾನೇ ಹಿಂದೆ ತಿರುಗಿ ನೋಡುತ್ತಿದ್ದೆ, ಯಾರನ್ನು ಕರೆಯುತ್ತಿದ್ದಾರೆ ಎಂದು. ಅವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಆದರೆ ಹಡಗಿನಲ್ಲಿ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗುವುದು? ಮತ್ತೆ ಅದೇ ತಟ್ಟೆಗೆ ಬಡಿಸಬೇಕು.

ಅವರ ತಂದೆಯದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಕೈಗಾಡಿ ನಿಲ್ಲಿಸಲೂ ಜಾಗವಿಲ್ಲದ ಓಣಿಯಲ್ಲಿ ಒಂದೇ ಬಾಗಿಲಿನ ಕೋಣೆ. ಮಗ ಶಾಲೆಯಿಂದ ಬಂದವನೇ ಅಪ್ಪನ ಎದುರು ಕುಳಿತು ಸುತ್ತು ಎಣಿಸಬೇಕು. ಲೆಕ್ಕ ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ, ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಿದ್ದರು. ‘ಬೈದಿದ್ರೆ ಎಷ್ಟೋ ವಾಸಿ ಇತ್ತು’ ಎಂದು ಸಾಹೇಬರು ಹೇಳುತ್ತಿದ್ದರು. ಅಲ್ಲಿ ಕಲಿತ ವಿದ್ಯೆ ಹಿಡಿದೇ ಅವರು ಹಡಗು ಹತ್ತಿದ್ದು. ಅವರ ಮೊದಲ ಹಡಗು ನಡುಸಮುದ್ರದಲ್ಲಿದ್ದಾಗಲೇ ಅಪ್ಪ ತೀರಿಕೊಂಡರು.

ಆಗ ಹಡಗುಗಳಲ್ಲಿ ಒಂದು ಪದ್ಧತಿ ಇತ್ತು. ಮನೆಯಲ್ಲಿ ಸಾವಾದ ಸುದ್ದಿ ಬಂದರೆ ಅದು ಮೊದಲು ಕ್ಯಾಪ್ಟನ್ ಕೈಗೆ ಹೋಗುತ್ತದೆ, ದಡ ಕಾಣುವವರೆಗೆ ಅವರು ಆ ಮನುಷ್ಯನ ಮುಂದೆ ಬಾಯಿ ಬಿಡುವುದಿಲ್ಲ, ಸುದ್ದಿ ಕಿವಿಗೆ ಬಿದ್ದ ಉಳಿದವರೂ ಬಿಡುವುದಿಲ್ಲ. ಹೇಳಿ ಮಾಡುವುದಾದರೂ ಏನು? ಇಳಿದು ಓಡಲು ಅದೇನು ಬಸ್ಸೇ? ದುಃಖದಲ್ಲಿ ಕೈ ತಪ್ಪಿ ಯಂತ್ರಕ್ಕೆ ಸಿಕ್ಕಾನು, ಸಮುದ್ರಕ್ಕೆ ಹಾರಿಯಾನು ಎಂಬ ಭಯ. ಅದು ದಯೆಯಿಂದಲೇ ಹುಟ್ಟಿದ ಪದ್ಧತಿ, ಇಲ್ಲ ಎನ್ನುವುದಿಲ್ಲ. ಬಂದರು ಕಂಡ ದಿನ ಹೊಟ್ಟೆ ತುಂಬ ಊಟ ಹಾಕಿಸಿ, ಆಮೇಲೆ ಕರೆದು ಹೇಳುತ್ತಿದ್ದರು. ಬತ್ತಿ ಸಾಹೇಬರಿಗೂ ಹಾಗೇ ಹೇಳಿದ್ದರು.

‘ಅಪ್ಪ ಹೋಗಿ ಎಷ್ಟೋ ದಿನ ಆಗಿತ್ತು ಉಪ್ಪಣ್ಣ. ಆ ದಿನಗಳಲ್ಲೆಲ್ಲ ನಾನು ಇಸ್ಪೀಟ್ ಆಡ್ತಾ ನಗ್ತಾ ಇದ್ದೆ. ಎದುರಿಗೆ ಕೂತು ಎಲೆ ಹಾಕ್ತಿದ್ದೋರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರ್ಲಿಲ್ಲ’ ಎಂದು ಅವರು ನನಗೆ ಒಮ್ಮೆ ಹೇಳಿದರು. ಆಮೇಲೆ ಅವರು ಇಸ್ಪೀಟ್ ಮುಟ್ಟಿದ್ದನ್ನು ಯಾರೂ ಕಂಡಿಲ್ಲ.

ನಮ್ಮ ಹಡಗಿಗೆ ಉಪಗ್ರಹದ ಇಂಟರ್ನೆಟ್ ಬರುತ್ತದೆ ಎಂದು ಕಂಪನಿಯಿಂದ ಸುದ್ದಿ ಬಂದಾಗ ಅತ್ಯಂತ ಹಿಗ್ಗಿದವರು ಅವರು. ಆದರೆ ಕಂಪನಿ ಕೊಟ್ಟದ್ದು ಹಡಗು ನಡೆಸುವ ಮೇಲಿನ ಕೋಣೆಗೆ, ಕ್ಯಾಪ್ಟನ್ ಕೋಣೆಗೆ, ಕಚೇರಿಗೆ ಮಾತ್ರ. ಕೆಳಗೆ ಮಲಗುವ ನಮಗಲ್ಲ. ಸಾಹೇಬರು ಕ್ಯಾಪ್ಟನ್ ಬೆನ್ನು ಬಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಕ್ಯಾಪ್ಟನ್ ಮೊದಲು ಒಪ್ಪಲಿಲ್ಲ. ‘ಹುಡುಗ್ರು ನಿದ್ದೆಗೆಟ್ಟು ಫೋನ್ ಹಿಡ್ಕೊಂಡು ಕೂರ್ತಾರೆ, ಬೆಳಿಗ್ಗೆ ಡೆಕ್ ಮೇಲೆ ತೂಕಡಿಸ್ತಾರೆ’ ಎಂದರು. ಸಾಹೇಬರು ಬಿಡಬೇಕಲ್ಲ. ಚಹಾ ಕುಡಿಯುವಾಗಲೂ ಅದೇ ರಾಗ, ದೀಪ ಬದಲಿಸುವಾಗಲೂ ಅದೇ ಹಾಡು. ಕೊನೆಗೆ ಕ್ಯಾಪ್ಟನ್, ‘ಹಡಗು ಬಂದರು ಬಿಡೋದ್ರೊಳಗೆ ನಿಮ್ಮ ಕೈಲಾದಷ್ಟು ಮಾಡ್ಕೊಳ್ಳಿ, ಹೊರಡೋದು ಮಾತ್ರ ಒಂದು ಗಂಟೆ ತಡ ಆಗಲ್ಲ’ ಎಂದು ಕೈ ತೊಳೆದುಕೊಂಡರು.

ಬಂದರಿನಲ್ಲಿ ಡೆಕ್ಕಿಗೆ ಮರದ ದಿಮ್ಮಿ ತುಂಬಿಸುತ್ತಿದ್ದಾಗ ಇಂಟರ್ನೆಟ್ ಹಿಡಿಯುವ ಗುಮ್ಮಟ ಬಂತು. ಬೆಳ್ಳಗೆ, ಗುಂಡಗೆ, ಒಳ್ಳೇ ಬೂದುಗುಂಬಳಕಾಯಿಯ ಹಾಗೆ. ಜೊತೆಗೆ ದಡದ ಕಂಪನಿಯ ಇಂಜಿನಿಯರಮ್ಮ ಬಂದಳು. ಚುರುಕಾದ ಹೆಂಗಸು, ಮೆಟ್ಟಿಲು ಹತ್ತುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ಗುಮ್ಮಟದೊಳಗೆ ಒಂದು ತಟ್ಟೆ ಇರುತ್ತದೆ, ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ, ಹಡಗು ಹೇಗೆ ಹೊಯ್ದಾಡಿದರೂ ತಟ್ಟೆ ಮಾತ್ರ ಅದರ ಕಡೆಗೇ ಮುಖ ತಿರುಗಿಸಿಕೊಂಡಿರುತ್ತದೆ ಎಂದು ಆಕೆ ನನಗೂ ತಿಳಿಸಿ ಹೇಳಿದಳು. ನಾನು ಆಕೆಗೆ ಬಿಸಿ ಬಿಸಿ ಚಹಾ ಕೊಟ್ಟೆ.

ಗುಮ್ಮಟವನ್ನು ಎಲ್ಲಿಡುವುದು ಎಂಬಲ್ಲಿ ಮಾತು ಬಂತು. ‘ಎಲ್ಲಕ್ಕಿಂತ ಮೇಲೆ, ಮಾಸ್ಟ್ ಕಂಬದ ತುದಿಗೆ ಹಾಕ್ಬೇಕಣ್ಣ’ ಎಂದಳು ಇಂಜಿನಿಯರಮ್ಮ. ಅದಕ್ಕೆ ಅಟ್ಟಣಿಗೆ ಕಟ್ಟಬೇಕು, ಹೊಸ ಪೀಠ ಬೆಸುಗೆ ಹಾಕಬೇಕು, ಬೆಂಕಿಯ ಕೆಲಸಕ್ಕೆ ಬಂದರಿನವರ ಅನುಮತಿ ಬೇಕು. ಇಡೀ ದಿನ ಹೋಗುತ್ತದೆ, ನಮಗೆ ಉಳಿದಿದ್ದುದೇ ಒಂದು ದಿನ. ಇನ್ನೊಂದು ಜಾಗ ಹೊಗೆಕೊಳವೆಯ ಪಕ್ಕದಲ್ಲಿತ್ತು. ಹಳೆಯ ಉಪಗ್ರಹ ಫೋನಿನ ಪೀಠ ಅಲ್ಲಿ ಸಿದ್ಧವಾಗಿಯೇ ಇತ್ತು. ಹೊಸದು ಬಂತೆಂದು ಆ ಹಳೆಯ ಫೋನನ್ನು ಕಿತ್ತುಹಾಕಿದ್ದರು. ಅಲ್ಲಿಗೆ ಹಾಕುವುದಾದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಉಳಿದ ಹೊತ್ತಿನಲ್ಲಿ ಕೆಳಗಿನ ಅಂತಸ್ತುಗಳಿಗೆ ತಂತಿ ಎಳೆಯಬಹುದು.

‘ಹಡಗಿನ ಮೂತಿ ಒಂದು ದಿಕ್ಕಿಗೆ ತಿರುಗಿದಾಗ ಉಪಗ್ರಹ ಸರಿಯಾಗಿ ಹೊಗೆಕೊಳವೆ ಹಿಂದೆ ಬೀಳುತ್ತೆ. ಆಗ ಲೈನ್ ಹೋಗುತ್ತೆ, ಯೋಚ್ನೆ ಮಾಡಿ’ ಎಂದು ಆಕೆ ಎಚ್ಚರಿಸಿದಳು.

‘ಹಡಗು ತಿರುಗ್ತಾನೇ ಇರುತ್ತಲ್ಲ ತಾಯಿ. ಸ್ವಲ್ಪ ಹೊತ್ತು ಹೋಗುತ್ತೆ, ಆಮೇಲೆ ಬರುತ್ತೆ. ಹಳೇ ಫೋನೂ ಅಲ್ಲೇ ಇತ್ತು, ಯಾರೂ ಸತ್ತಿಲ್ಲ’ ಎಂದರು ಬತ್ತಿ ಸಾಹೇಬರು.

ಆಕೆ ಮತ್ತೆ ವಾದಿಸಲಿಲ್ಲ. ಹಡಗು ಅವರದು, ನಿರ್ಧಾರವೂ ಅವರದೇ. ಗುಮ್ಮಟ ಹೊಗೆಕೊಳವೆಯ ಪಕ್ಕದಲ್ಲಿ ಕೂತಿತು.

ಬತ್ತಿ ಸಾಹೇಬರು ಎಲ್ಲಿ ಎಡವಿದರೆಂದು ಈಗ ನನಗೆ ಗೊತ್ತು. ಅವರ ಲೋಕವೆಲ್ಲ ಡೆಕ್ಕಿನ ಕೆಳಗೆ. ಇಂಜಿನ್ ಕೋಣೆಯಲ್ಲಿ ನಿಂತವರಿಗೆ ಹಡಗು ಅಲುಗಾಡುವುದು ತಿಳಿಯುತ್ತದೆ, ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ತಿಳಿಯುವುದಿಲ್ಲ. ಅಲುಗಾಡುತ್ತಿದ್ದರೆ ತಿರುಗುತ್ತಿದೆ ಎಂದೇ ಅವರ ಎಣಿಕೆ. ಮಹಾಸಾಗರಕ್ಕೆ ಬಿದ್ದ ಮೇಲೆ ಹಡಗು ದಿನಗಟ್ಟಲೆ ಮೂತಿ ಆಚೀಚೆ ಮಾಡದೆ ಒಂದೇ ಗೆರೆಯಲ್ಲಿ ಹೋಗುತ್ತದೆ ಎಂಬುದು ಮೇಲಿನ ಕೋಣೆಯವರಿಗೆ ಗೊತ್ತಿರುವ ವಿಷಯ. ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮುಂದೆ ಯಾವ ಹಡಗು ಹತ್ತಿದರೂ ಅವರು ಮೊದಲು ನಕ್ಷೆ ಇಡುವ ಕೋಣೆಗೆ ಹೋಗಿ ದಾರಿ ಯಾವುದೆಂದು ಕೇಳುತ್ತಿದ್ದರಂತೆ. ಅದೆಲ್ಲ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆ ಮಧ್ಯಾಹ್ನದಿಂದ ಅವರು ಮನುಷ್ಯರ ಹಾಗೆ ಕೆಲಸ ಮಾಡಲಿಲ್ಲ. ಹಡಗಿನ ಕೋಣೆ ಎಂದರೆ ಕಬ್ಬಿಣದ ಡಬ್ಬಿ. ಮನೆಯಲ್ಲಾದರೆ ವೈ-ಫೈ ಗೋಡೆ ದಾಟಿ ಪಕ್ಕದ ಮನೆಗೂ ಹೋಗುತ್ತದೆ, ಇಲ್ಲಿ ಬಾಗಿಲು ಹಾಕಿದರೆ ಅಲ್ಲೇ ಸತ್ತುಬೀಳುತ್ತದೆ. ಅದಕ್ಕೇ ಅಂತಸ್ತಿಗೊಂದು ವೈ-ಫೈ ಡಬ್ಬಿಯನ್ನು ಕೋಣೆಗಳ ನಡುವಿನ ಓಣಿಯ ಚಾವಣಿಗೆ ಹಾಕಬೇಕು, ಪ್ರತಿ ಡಬ್ಬಿಗೂ ಮೇಲಿನಿಂದ ತಂತಿ ಬರಬೇಕು, ತಂತಿ ಹಾದ ತೂತುಗಳನ್ನೆಲ್ಲ ಬೆಂಕಿ ದಾಟದ ಹಾಗೆ ಮೆತ್ತಿ ಮುಚ್ಚಬೇಕು. ಸಾಹೇಬರು ಚಾವಣಿಯ ಹಲಗೆ ಬಿಚ್ಚಿ, ಹೊಟ್ಟೆಯ ಮೇಲೆ ತೆವಳಿ, ಹಳೆಯ ಕರೆಗಂಟೆಯ ತಂತಿ ಹೋಗಿದ್ದ ಕೊಳವೆಯಲ್ಲೇ ಹೊಸದನ್ನು ತೂರಿಸಿದರು. ಊಟಕ್ಕೆ ಕರೆದರೆ ಚಾವಣಿಯೊಳಗಿನಿಂದ ಕೈ ಮಾತ್ರ ಹೊರಗೆ ಬಂತು. ನಾನು ಆ ಕೈಗೆ ರೊಟ್ಟಿ ಕೊಟ್ಟೆ. ‘ಉಪ್ಪು ಹಾಕಿದ್ಯಾ ಇಲ್ವಾ?’ ಎಂದು ಚಾವಣಿ ಕೇಳಿತು.

ಹಡಗು ಹೊರಟಾಗ ನಮ್ಮ ಓಣಿಯಲ್ಲಿ ಲೈನ್ ಬಂತು. ಮೊದಲ ಕೆಲವು ದಿನ ಹಡಗು ದಡದ ಅಂಚಿನಲ್ಲೇ ತಿರುಗುತ್ತಾ ಸಾಗಿತು. ಬೇರೆ ಹಡಗಿನವರು ಹೇಳುತ್ತಿದ್ದರು, ಇಂಟರ್ನೆಟ್ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು. ನಮ್ಮಲ್ಲಿ ಉಲ್ಟಾ ಆಯಿತು. ಬಾಗಿಲು ಹಾಕಿದರೆ ಲೈನ್ ಇಲ್ಲ, ಹಾಗಾಗಿ ಎಲ್ಲರೂ ಬಾಗಿಲಿಗೆ ಬೂಟು ಅಡ್ಡ ಇಟ್ಟು ಮನೆಯವರ ಜೊತೆ ಮಾತಾಡತೊಡಗಿದರು. ಯಾರ ಮಗು ಜ್ವರದಲ್ಲಿದೆ, ಯಾರ ಮಾವ ಮಾತು ಬಿಟ್ಟಿದ್ದಾರೆ, ಎಲ್ಲವೂ ಎಲ್ಲರ ಕಿವಿಗೂ ಬೀಳುತ್ತಿತ್ತು. ಬೀಳದಿದ್ದರೂ ಕೆಲವರು ಕಿವಿ ಚಾಚುತ್ತಿದ್ದರು, ಅವರಲ್ಲಿ ನಾನೂ ಒಬ್ಬ.

ಓಣಿಯ ಕೊನೆಯ ಕೋಣೆ ಡೆಕ್ ಮೇಸ್ತ್ರಿಯದು. ಡೆಕ್ಕಿನ ಆಳುಗಳನ್ನೆಲ್ಲ ದುಡಿಸುವವನು, ಸರಕು ಕದಲದಂತೆ ಸರಪಣಿ ಬಿಗಿಸುವವನು. ಗೋಡೆಯಂತಹ ಮೈ, ಬಾಯಿಗೆ ಬೀಗ. ಮಾತೆಲ್ಲ ಅವನ ಹೆಂಡತಿಯದೇ, ‘ಹೂಂ’ ಅನ್ನುವುದಷ್ಟೇ ಅವನ ಪಾಲು. ಆಕೆ ಪರದೆಯ ಮೇಲೆ ಬಂದರೆ ಇಡೀ ಓಣಿಗೆ ಬೆಳಕು ಬಂದ ಹಾಗಿರುತ್ತಿತ್ತು. ‘ಬಾಗಿಲಲ್ಲಿ ನಿಂತಿರೋರು ಯಾರು? ಉಪ್ಪಣ್ಣನಾ? ಅಣ್ಣಾ, ನಮ್ಮೋರಿಗೆ ಬಿಪಿ ಇದೆ, ಹೆಸರಿಗೆ ತಕ್ಕ ಹಾಗೆ ಅಡುಗೆ ಮಾಡ್ಬೇಡಿ’ ಎಂದು ನನ್ನನ್ನೂ ಎಳೆಯುತ್ತಿದ್ದಳು. ಹಾಗೆ ಆಕೆ ನಮಗೆಲ್ಲ ಅತ್ತಿಗೆಯಾದಳು. ಆಕೆಯ ಎರಡೂ ಮೂತ್ರಪಿಂಡಗಳು ಕೆಟ್ಟಿವೆ ಎಂದು ನಮಗೆ ತಿಳಿದದ್ದು ಆಮೇಲೆ, ಒಂದು ದಿನ ಆಸ್ಪತ್ರೆಯ ಹಾಸಿಗೆಯಿಂದ ಆಕೆ ಮಾತಾಡಿದಾಗ. ಅವತ್ತೂ ನಗುತ್ತಲೇ ಇದ್ದಳು. ಫೋನ್ ಹಿಡಿದು ನಿಂತಿದ್ದ ಆಕೆಯ ತಂಗಿ ನಗುತ್ತಿರಲಿಲ್ಲ.

ಮಾರನೆಯ ದಿನ ಕ್ಯಾಪ್ಟನ್ ಹಡಗನ್ನು ಮಹಾಸಾಗರದ ದಾರಿಗೆ ತಿರುಗಿಸಿದರು. ತಿರುಗಿಸಿದ ಕೆಲಹೊತ್ತಿಗೇ ಲೈನ್ ಹೋಯಿತು.

ಒಂದು ಗಂಟೆ ಕಾದೆವು, ಬರುತ್ತದೆ ಎಂದು. ಸಂಜೆಯವರೆಗೆ ಕಾದೆವು. ಬತ್ತಿ ಸಾಹೇಬರು ಮೇಲಿನ ಕೋಣೆಗೆ ಹೋಗಿ, ಗುಮ್ಮಟವನ್ನು ನಡೆಸುವ ಪೆಟ್ಟಿಗೆಯ ಪರದೆ ನೋಡಿ ಬಂದರು. ಏನಾಗಿದೆ ಎಂದು ಕೇಳಿದರೆ, ‘ನೋಡ್ತಾ ಇದೀನಿ’ ಎಂದಷ್ಟೇ ಹೇಳಿದರು. ಅವರಿಗೆ ಆಗಲೇ ತಿಳಿದಿತ್ತು. ಹಡಗು ಹೀಗೇ ಹೋಗುತ್ತದೆ, ಉಪಗ್ರಹ ಹೊಗೆಕೊಳವೆಯ ಮರೆಯಲ್ಲೇ ಇರುತ್ತದೆ, ದಡದ ಹತ್ತಿರ ತಿರುಗುವವರೆಗೆ ಲೈನ್ ಬರುವುದಿಲ್ಲ. ಹುಡುಗರು ಸುಮ್ಮನೆ ‘ಲೈನ್ ಇಲ್ವಲ್ಲ ಸಾಹೇಬ್ರೆ’ ಎಂದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಬೆಚ್ಚುತ್ತಿದ್ದರು. ಮೇಸ್ತ್ರಿ ಮಾತ್ರ ಏನೂ ಕೇಳಲಿಲ್ಲ. ಕೆಲಸ ಮುಗಿಸಿ ಬಂದು ಓಣಿಯ ಡಬ್ಬಿಯ ಕೆಳಗೆ ಫೋನ್ ಹಿಡಿದು ನಿಲ್ಲುತ್ತಿದ್ದ, ಹೋಗಿ ಮಲಗುತ್ತಿದ್ದ. ಅವನ ತಟ್ಟೆ ಅರ್ಧ ಹಾಗೇ ವಾಪಸ್ಸು ಬರುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ನಾನು ಮೇಲಿನ ಕೋಣೆಗೆ ಚಹಾ ಒಯ್ದಾಗ ಕ್ಯಾಪ್ಟನ್ ಕೈಯಲ್ಲಿ ಒಂದು ಚೀಟಿ ಇತ್ತು. ಹಡಗಿನಲ್ಲಿ ಅಪಾಯದ ಸಮಯಕ್ಕೆಂದು ಇನ್ನೊಂದು ಹಳೆಯ ಯಂತ್ರ ಇರುತ್ತದೆ, ಅದರಲ್ಲಿ ಮಾತಾಡಲಾಗುವುದಿಲ್ಲ, ನಾಲ್ಕು ಸಾಲು ಅಕ್ಷರ ಮಾತ್ರ ಬರುತ್ತದೆ. ಕಂಪನಿಯಿಂದ ಬಂದಿತ್ತು. ಮೇಸ್ತ್ರಿಯ ಹೆಂಡತಿಗೆ ತುಂಬ ಕಷ್ಟವಾಗಿದೆ, ಇನ್ನು ಒಂದೆರಡು ದಿನ ಎಂದು ವೈದ್ಯರು ಹೇಳಿದ್ದಾರೆ, ಎಚ್ಚರವಾದಾಗಲೆಲ್ಲ ಗಂಡನನ್ನು ಕೇಳುತ್ತಿದ್ದಾಳೆ. ಬತ್ತಿ ಸಾಹೇಬರು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತಿದ್ದರು. ಕ್ಯಾಪ್ಟನ್ ಅದನ್ನು ಓದಿ ಹೇಳಿದರು, ಆಮೇಲೆ ಮಡಚಿ ಜೇಬಿಗೆ ಹಾಕಿದರು.

‘ದಡ ಕಾಣೋವರೆಗೆ ಬೇಡ’ ಎಂದರು. ‘ಹೇಳಿದ್ರೆ ಅವನು ಏನು ಮಾಡ್ತಾನೆ? ಹೇಗೂ ಲೈನೂ ಇಲ್ಲ. ದೇವರೇ ದಾರಿ ಮಾಡಿಕೊಟ್ಟ ಅಂದ್ಕೊಳ್ಳೋಣ.’

ಬತ್ತಿ ಸಾಹೇಬರು ಎದ್ದು ನಿಂತರು. ಅವರ ಮುಖ ನೋಡಿ ನನಗೆ ಚಹಾ ತಟ್ಟೆ ಕೆಳಗಿಡಬೇಕು ಎನಿಸಿತು.

‘ದೇವರು ಮಾಡಿದ್ದಲ್ಲ ಸಾರ್, ನಾನು ಮಾಡಿದ್ದು’ ಎಂದರು. ‘ಗುಮ್ಮಟ ಅಲ್ಲಿ ಇಡಿ ಅಂದೋನು ನಾನು. ಮಾಸ್ಟ್ ಮೇಲೆ ಹಾಕಿ ಅಂತ ಆಯಮ್ಮ ಹೇಳಿದ್ಲು, ನಾನೇ ಬೇಡ ಅಂದೆ. ಲೈನ್ ಕೆಟ್ಟಿಲ್ಲ. ಹೊಗೆಕೊಳವೆ ಅಡ್ಡ ಬಂದಿದೆ, ಅಷ್ಟೇ. ಹಡಗು ಸ್ವಲ್ಪ ತಿರುಗಿದ್ರೆ ಈಗಲೇ ಬರುತ್ತೆ.’

‘ಹಡಗು ತಿರುಗಿಸೋದಾ?’ ಕ್ಯಾಪ್ಟನ್ ಕಿಟಕಿಯ ಹೊರಗೆ ಕೈ ತೋರಿಸಿದರು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ ಗುಡ್ಡ ಗುಡ್ಡವಾಗಿ ಎದ್ದು ಬರುತ್ತಿತ್ತು. ‘ಈಗ ಅಲೆ ಎದುರಿಂದ ಬರ್ತಿದೆ, ತಡ್ಕೊಂಡಿದೀವಿ. ತಿರುಗಿಸಿದ್ರೆ ಪಕ್ಕಕ್ಕೆ ಬಡಿಯುತ್ತೆ. ಡೆಕ್ ಮೇಲೆ ಅಷ್ಟೂ ದಿಮ್ಮಿ ಇದೆ. ಸರಪಣಿ ಕಿತ್ತುಕೊಂಡ್ರೆ ಯಾರು ಹೊಣೆ?’

‘ನನಗೆ ದಿಮ್ಮಿ ವಿಷಯ ಗೊತ್ತಿಲ್ಲ ಸಾರ್. ಕಾಯೋದು ಏನು ಅಂತ ಗೊತ್ತು’ ಎಂದರು ಸಾಹೇಬರು. ತಮ್ಮ ಅಪ್ಪನ ಸಾವನ್ನು, ಆ ಇಸ್ಪೀಟಿನ ದಿನಗಳನ್ನು ಅಲ್ಲೇ ಹೇಳಿದರು. ಚೀಟಿ ಇದ್ದ ಕ್ಯಾಪ್ಟನ್ ಜೇಬಿನ ಕಡೆ ಕೈ ತೋರಿಸಿದರು. ‘ನನ್ನಪ್ಪ ಹೋಗಿಬಿಟ್ಟಿದ್ದ. ಅತ್ತಿಗೆ ಇನ್ನೂ ಇದಾಳೆ ಸಾರ್. ಇನ್ನೂ ಇದಾಳೆ.’

ಕ್ಯಾಪ್ಟನ್ ಕಿಟಕಿಗೆ ಹೋಗಿ ಒಮ್ಮೆ ದಿಮ್ಮಿಗಳನ್ನು, ಒಮ್ಮೆ ಅಲೆಗಳನ್ನು ನೋಡಿದರು. ನನಗೆ ಅವರ ಮೇಲೆ ಕೋಪ ಬರುತ್ತಿತ್ತು, ಜೊತೆಗೆ ಅವರ ಜಾಗದಲ್ಲಿ ನಾನಿಲ್ಲವಲ್ಲ ಎಂಬ ಸಮಾಧಾನವೂ ಇತ್ತು. ನಮ್ಮೆಲ್ಲರ ಜೀವ ಅವರ ಲೆಕ್ಕಕ್ಕೇ ಸೇರಿದ್ದು. ಕೊನೆಗೆ ಅವರು ನಕ್ಷೆಯ ಮೇಜಿನ ಹತ್ತಿರ ಹೋಗಿ, ‘ಎಷ್ಟು ತಿರುಗಿಸ್ಬೇಕು, ತೋರಿಸಿ’ ಎಂದರು.

‘ಕಂಪನಿಯೋರು ಕೇಳಿದ್ರೆ ಹೊಗೆಕೊಳವೆ ಮಸಿ ಊದೋಕೆ ತಿರುಗಿಸಿದ್ವಿ ಅಂತ ಬರೀಬಹುದು ಸಾರ್’ ಎಂದೆ ನಾನು. ಮಸಿ ಸರಕಿನ ಮೇಲೆ ಬೀಳದಿರಲೆಂದು ಹಡಗು ತಿರುಗಿಸುವುದು ಉಂಟು.

‘ನೀನು ಚಹಾ ಕೊಡು’ ಎಂದರು ಕ್ಯಾಪ್ಟನ್. ‘ಸುಳ್ಳು ಬರೆಯಲ್ಲ. ಇದ್ದದ್ದನ್ನೇ ಬರೀತೀನಿ.’

ಅವರೇ ಊಟದ ಕೋಣೆಗೆ ಇಳಿದು ಬಂದರು. ಮೇಸ್ತ್ರಿ ಮೂಲೆಯಲ್ಲಿ ಕುಳಿತಿದ್ದ. ಕ್ಯಾಪ್ಟನ್ ಅವನ ಎದುರು ಕುಳಿತು ಚೀಟಿಯನ್ನು ಅವನ ಕೈಯಲ್ಲಿ ಇಟ್ಟರು. ಅವನು ಓದಿದ, ಮತ್ತೊಮ್ಮೆ ಓದಿದ. ಹಡಗು ತಿರುಗಿಸುತ್ತೇವೆ, ಅರ್ಧ ಗಂಟೆ ಸಿಗಬಹುದು ಎಂದು ಕ್ಯಾಪ್ಟನ್ ಹೇಳಿದರು.

‘ಯಾವ ಕಡೆಗೆ ತಿರುಗಿಸ್ತೀರಾ?’ ಎಂದು ಕೇಳಿದ ಮೇಸ್ತ್ರಿ. ಕ್ಯಾಪ್ಟನ್ ಹೇಳಿದರು. ‘ಹಾಗಾದ್ರೆ ಆ ಬದಿ ಸರಪಣಿ ಇನ್ನೊಂದ್ಸಲ ಬಿಗಿದು ಬರ್ತೀನಿ’ ಎಂದು ಎದ್ದ. ಅವನ ಹಿಂದೆ ಅವನ ಹುಡುಗರೆಲ್ಲ ಎದ್ದರು. ಮಳೆಯಂಗಿ ಹಾಕಿಕೊಂಡು ಡೆಕ್ಕಿಗೆ ಹೋಗಿ, ನೆನೆದು ತೊಪ್ಪೆಯಾಗಿ ಬಂದರು. ಇರುವ ಲೈನ್ ಎಲ್ಲ ಒಬ್ಬನಿಗೇ ಸಿಗಲಿ ಎಂದು ಬತ್ತಿ ಸಾಹೇಬರು ಎಲ್ಲರ ಫೋನ್ ಕೇಳಿದರು. ನನ್ನ ಹಿಟ್ಟು ಕಲಸುವ ಪಾತ್ರೆಯ ತುಂಬ ಫೋನ್ ಬಿದ್ದವು. ಕ್ಯಾಪ್ಟನ್ ಕೂಡ ತಮ್ಮದನ್ನು ಆರಿಸಿ ಅದರಲ್ಲಿ ಹಾಕಿ ಮೇಲೆ ಹೋದರು. ಸಾಹೇಬರು ಪೆಟ್ಟಿಗೆಯ ಹತ್ತಿರ ಓಡಿದರು.

ಹಡಗು ನಿಧಾನವಾಗಿ ತಿರುಗಿತು. ಮೊದಲ ಅಲೆ ಪಕ್ಕಕ್ಕೆ ಬಡಿದಾಗ ಅಡುಗೆಮನೆಯ ಪಾತ್ರೆಗಳೆಲ್ಲ ಒಂದು ಕಡೆಗೆ ಓಡಿದವು. ಮೇಸ್ತ್ರಿಯೊಬ್ಬನನ್ನು ಬಿಟ್ಟು ಎಲ್ಲರೂ ಊಟದ ಕೋಣೆಯಿಂದ ಹೊರಗೆ ಹೋದರು, ನಾನು ಮಾತ್ರ ಕುದಿಯುವ ಪಾತ್ರೆ ಬಿಡುವಂತಿರಲಿಲ್ಲ. ಬಡಿಸುವ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಗೋಡೆಯ ಫೋನಿನಲ್ಲಿ ಬತ್ತಿ ಸಾಹೇಬರ ಧ್ವನಿ ಬಂತು, ‘ಬಂತು, ಬಂತು, ಮಾಡು.’

ಅತ್ತಿಗೆಯ ತಂಗಿ ಫೋನ್ ಎತ್ತಿದಳು. ‘ಭಾವ!’ ಎಂದು ಚೀರಿದಳು. ಆಮೇಲೆ ಫೋನನ್ನು ಅಕ್ಕನ ಮುಖದ ಹತ್ತಿರ ಹಿಡಿದಳು.

ಮೇಸ್ತ್ರಿ ಒಂದು ಕೈಯಲ್ಲಿ ಮೇಜು, ಇನ್ನೊಂದರಲ್ಲಿ ಫೋನ್ ಹಿಡಿದು ಸುಮ್ಮನೆ ಕುಳಿತ. ಅವನಿಗೆ ಹೂಂ ಅನ್ನುವುದಷ್ಟೇ ಅಭ್ಯಾಸ, ಹೂಂ ಅನ್ನಲು ಇವತ್ತು ಆ ಕಡೆ ಮಾತೇ ಇರಲಿಲ್ಲ. ಎಷ್ಟು ಹೊತ್ತಿನ ಮೇಲೋ ಅವನೇ ಶುರು ಮಾಡಿದ.

‘ನಾನು ಕಣೆ. ಇಲ್ಲಿ ಗಾಳಿ ಜಾಸ್ತಿ ಇದೆ. ಲೈನ್ ಇರ್ಲಿಲ್ಲ, ಅದಕ್ಕೆ ಮಾತಾಡೋಕಾಗ್ಲಿಲ್ಲ. ನೀನು ಅಡುಗೆಮನೆ ಕಿಟಕಿ ರಿಪೇರಿ ಮಾಡ್ಸಿ ಅಂತಿದ್ದೆಯಲ್ಲ, ಮಾಡಿಸ್ತೀನಿ. ಬೇರೆ ಮರ ಹಾಕಿಸ್ತೀನಿ. ಇಲ್ಲಿ ಎಷ್ಟೊಂದು ಮರ ನೋಡ್ತೀನಿ ದಿನಾ, ನಮ್ಮ ಕಿಟಕಿಗೆ ಒಂದು ತುಂಡು ತರೋಕಾಗ್ಲಿಲ್ಲ.’ ನಿಲ್ಲಿಸಿದ. ಮತ್ತೆ ಹೇಳಿದ. ಮದುವೆಯಾದ ಹೊಸದರಲ್ಲಿ ಬಾಡಿಗೆಗೆ ಇದ್ದ ಕೋಣೆಯ ಬಗ್ಗೆ, ಅದರ ಸೋರುವ ನಲ್ಲಿಯ ಬಗ್ಗೆ, ಆಕೆ ಅದಕ್ಕೆ ಬಟ್ಟೆ ಕಟ್ಟಿದ್ದರ ಬಗ್ಗೆ. ಅವನೊಳಗೆ ಅಷ್ಟು ಮಾತು ಇತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಪಾತ್ರೆ ಹಿಡಿದುಕೊಂಡೇ ಅತ್ತೆ.

‘ಭಾವ, ಕಣ್ಣು ಬಿಟ್ಟಿದಾಳೆ’ ಎಂದಳು ತಂಗಿ. ‘ಏನೋ ಕೇಳ್ತಿದಾಳೆ. ಊಟ ಆಯ್ತಾ ಅಂತಿದಾಳೆ.’

‘ಆಯ್ತು’ ಎಂದ ಮೇಸ್ತ್ರಿ. ‘ಹೊಟ್ಟೆ ತುಂಬ ಆಯ್ತು.’ ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಆಗ ಡೆಕ್ಕಿನಿಂದ ಒಂದು ಸದ್ದು ಬಂತು. ಕಬ್ಬಿಣ ನರಳುವ ಸದ್ದು, ಉದ್ದಕ್ಕೆ. ಮೇಸ್ತ್ರಿಯ ತಲೆ ಎದ್ದಿತು. ಇನ್ನೊಂದು ಅಲೆ, ಮತ್ತೆ ಅದೇ ಸದ್ದು. ದಿಮ್ಮಿ ಎಳೆಯುತ್ತಿದೆ, ಸರಪಣಿ ಹೆಚ್ಚು ಹೊತ್ತು ತಾಳುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರ್ಧ ಗಂಟೆ ಇನ್ನೂ ಆಗಿರಲಿಲ್ಲ. ಗೋಡೆಯ ಫೋನಿನಲ್ಲೂ ಯಾರೂ ಅವನನ್ನು ಏಳು ಎನ್ನಲಿಲ್ಲ.

‘ಕೇಳಿಸ್ತಾ ನಿಂಗೆ? ಸರಪಣಿ ಕೂಗ್ತಾ ಇದೆ’ ಎಂದು ಅವನು ಫೋನನ್ನು ಮುಖದ ಹತ್ತಿರಕ್ಕೆ ತಂದ. ‘ಹುಡುಗ್ರೆಲ್ಲ ಇದಾರೆ ಹಡಗಲ್ಲಿ. ನಾನು ಹೋಗ್ಬೇಕು ಕಣೆ. ಹೋಗಿ ಬರ್ತೀನಿ.’

ಅಕ್ಕ ಕಣ್ಣು ಮುಚ್ಚಿ ತೆರೆದಳು ಎಂದು ತಂಗಿ ಹೇಳಿದಳು. ಅವನು ಗೋಡೆಯ ಫೋನ್ ಎತ್ತಿ, ‘ಸಾಕು, ತಿರುಗಿಸಿ’ ಎಂದು ಹೇಳಿ ಮಳೆಯಂಗಿ ಹಾಕಿಕೊಂಡು ಡೆಕ್ಕಿಗೆ ಹೋದ.

ಮಾರನೆಯ ದಿನ ಮಧ್ಯಾಹ್ನ ಹಳೆಯ ಯಂತ್ರದಲ್ಲಿ ಇನ್ನೊಂದು ಚೀಟಿ ಬಂತು. ಕ್ಯಾಪ್ಟನ್ ಅದನ್ನು ಜೇಬಿಗೆ ಹಾಕಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಡೆಕ್ಕಿಗೆ ನಡೆದು, ಕೆಲಸ ಮಾಡುತ್ತಿದ್ದ ಮೇಸ್ತ್ರಿಯ ಹತ್ತಿರ ಹೋಗಿ ಹೇಳಿದರು.

ಸಂಜೆ ನಾನು ಮೇಸ್ತ್ರಿಯ ಕೋಣೆಗೆ ಊಟ ಒಯ್ದೆ. ಬಾಗಿಲಲ್ಲಿ ಬತ್ತಿ ಸಾಹೇಬರು ನಿಂತಿದ್ದರು, ಒಳಗೆ ಹೋಗಲು ಕಾಲು ಬರದೆ. ನಾನು ಬಂದದ್ದು ನೋಡಿ ನನ್ನ ಹಿಂದೆಯೇ ಒಳಗೆ ಬಂದರು.

‘ಮೇಸ್ತ್ರಿ, ಒಂದು ಮಾತು ಹೇಳ್ಬೇಕು’ ಎಂದರು. ‘ಆ ಗುಮ್ಮಟ ಮಾಸ್ಟ್ ಮೇಲೆ ಹಾಕಿದ್ರೆ ಲೈನ್ ಹೋಗ್ತಿರ್ಲಿಲ್ಲ. ನಾನೇ…’

‘ಗೊತ್ತು ಸಾಹೇಬ್ರೆ’ ಎಂದ ಮೇಸ್ತ್ರಿ. ‘ಆಯಮ್ಮ ನಿಮಗೆ ಹೇಳ್ತಿದ್ದಾಗ ಕೆಳಗೆ ಏಣಿ ಹಿಡ್ಕೊಂಡು ನಿಂತಿದ್ದೋನು ನಾನೇ. ಎಲ್ಲ ಕೇಳಿಸ್ತು. ನಮ್ಮ ಕೋಣೆಗೂ ಲೈನ್ ಬರುತ್ತಲ್ಲ, ಅಲ್ಲೇ ಇಡ್ಲಿ ಅಂತ ನಾನೂ ಮನಸಲ್ಲಿ ಅಂದ್ಕೊಂಡೆ.’

ಸಾಹೇಬರು ಹಾಸಿಗೆಯ ಅಂಚಿಗೆ ಕುಳಿತರು.

‘ಮಾಸ್ಟ್ ಮೇಲೆ ಹಾಕಿದ್ರೆ ಕ್ಯಾಪ್ಟನ್ ಕೋಣೆಗೆ ಮಾತ್ರ ಲೈನ್ ಇರ್ತಿತ್ತು. ಆದ್ರೂ ಕಾಲು ಹಿಡ್ದಾದ್ರೂ ಮೂರು ದಿನ ಮಾತಾಡ್ತಿದ್ದೆ. ನಿಮ್ಮ ಮೇಲೆ ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇದೆ. ನನ್ನ ಮೇಲೂ ಇದೆ. ಇರ್ಲಿ ಬಿಡಿ, ಯಾವಾಗ ಹೋಗುತ್ತೋ ಹೋಗ್ಲಿ’ ಎಂದ ಮೇಸ್ತ್ರಿ. ತಟ್ಟೆಯನ್ನು ಇಬ್ಬರ ನಡುವೆ ಎಳೆದುಕೊಂಡ. ‘ನೀವೂ ತಿಂದಿಲ್ಲ ಅಂತ ಕಾಣುತ್ತೆ. ತಿನ್ನಿ.’ ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು. ಉಪ್ಪಿನ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಬಂದರು ತಲುಪಿದಾಗ ಮೇಸ್ತ್ರಿಯನ್ನು ವಿಮಾನಕ್ಕೆ ಹತ್ತಿಸಲು ಕಂಪನಿಯ ಏಜೆಂಟ್ ಕಾರು ತಂದು ಕಾಯುತ್ತಿದ್ದ. ಊರಲ್ಲಿ ಆಗಬೇಕಾದದ್ದೆಲ್ಲ ಅತ್ತಿಗೆಯ ತಂಗಿಯ ಕೈಯಲ್ಲೇ ಆಗಿಹೋಗಿತ್ತು. ಬತ್ತಿ ಸಾಹೇಬರು ಬೆಳಿಗ್ಗೆಯೇ ಅನುಮತಿ ತಂದು, ಮಾಸ್ಟ್ ಕಂಬಕ್ಕೆ ಪೀಠ ಬೆಸುಗೆ ಹಾಕಿಸಿ, ಗುಮ್ಮಟವನ್ನು ಮೇಲೇರಿಸಿ ಬೋಲ್ಟು ಬಿಗಿಯುತ್ತಿದ್ದರು. ಕೆಳಗೆ ಏಣಿ ಹಿಡಿದು ನಿಂತವನು ಮೇಸ್ತ್ರಿ, ಊರಿಗೆ ಹೋಗುವ ಒಳ್ಳೆಯ ಅಂಗಿ ಹಾಕಿಕೊಂಡು. ಅವನ ಚೀಲ ಕಾಲ ಹತ್ತಿರವೇ ಇತ್ತು.

ಏಜೆಂಟ್ ಮೂರು ಸಲ ಮೇಲೆ ಬಂದು ಗಡಿಯಾರ ತೋರಿಸಿದ. ‘ವಿಮಾನ ತಪ್ಪಿ ಹೋಗುತ್ತೆ. ಏಣಿ ಬೇರೆ ಯಾರಾದ್ರೂ ಹಿಡೀತಾರೆ, ಬನ್ನಿ’ ಎಂದ.

‘ಇದು ಮುಗೀಲಿ’ ಎಂದ ಮೇಸ್ತ್ರಿ, ಏಣಿಯ ಕೈ ಬಿಡದೆ. ‘ಅವಸರ ಇದ್ದಾಗ ಹೋಗೋಕಾಗ್ಲಿಲ್ಲ. ಈಗ ನಂಗ್ಯಾವ ಅವಸರ?’

ಮೇಲಿದ್ದ ಬತ್ತಿ ಸಾಹೇಬರಿಗೆ ಅದು ಕೇಳಿಸಿತು. ಅವರು ಸ್ಪಾನರ್ ಪಕ್ಕಕ್ಕಿಟ್ಟು ತೋಳಿನಿಂದ ಮುಖ ಒರೆಸಿಕೊಂಡರು, ಆಮೇಲೆ ಉಳಿದ ಬೋಲ್ಟು ಬಿಗಿದರು.